ಅಲ್ಸೇಷಿಯನ್: ಕುರಿಮಂದೆಯ ನಡೆದಾಡುವ ಬೇಲಿ

ಕಳೆದ ಬೇಸಗೆಯ ಒಂದು ಮಧ್ಯಾಹ್ನ ನಾವು ದೊಡ್ಡಬಳ್ಳಾಪುರದ ಹೊರವಲಯದಲ್ಲಿರುವ ಪರಿಚಿತರೊಬ್ಬರ ತೋಟದ ಮನೆಗೆ ಹೋಗಿದ್ದೆವು. ಬಾಗಿಲ ಬಳಿಯ ತಗಡಿನ ಮಾಡಿನ ಕೆಳಗೆ ದೊಡ್ಡದೊಂದು ಅಲ್ಸೇಷಿಯನ್ ನಾಯಿಯನ್ನು ಗಿಡ್ಡ ಸರಪಳಿಯಿಂದ ಕಟ್ಟಿದ್ದರು. ನೀರಿನ ಬಟ್ಟಲು ಮಗುಚಿ ಬಿದ್ದಿತ್ತು. ನಾಯಿ ನಾಲಗೆಯನ್ನು ಹೊರಚಾಚಿ ಏದುತ್ತಿತ್ತು. “ಮೈತುಂಬ ಕೂದಲು, ಬೋಳಿಸಿಬಿಟ್ಟರೆ ಸೆಕೆ ತಗ್ಗೀತು, ಆದರೆ ಯಾರಾದರೂ ಹತ್ತಿರ ಹೋದರೆ ಮೈಮೇಲೆ ಬೀಳುತ್ತದೆ” ಎಂದರು ಮನೆಯವರು. ಈ ಮಾತಿನಲ್ಲಿ ಎರಡು ತಪ್ಪು ಗ್ರಹಿಕೆಗಳು ಅಡಗಿದ್ದುವು. ಒಂದು ಆ ಪ್ರಾಣಿಯ ದೇಹವನ್ನು ಕುರಿತದ್ದು. ಇನ್ನೊಂದು ಅದರ ಸ್ವಭಾವವನ್ನು ಕುರಿತದ್ದು. ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಸುತ್ತಮುತ್ತಲಿನ ಹೊಸ ಮನೆಗಳಲ್ಲಿಯೂ ಕಾವಲಿಗೆಂದು ಈ ನಾಯಿಯನ್ನು ಸಾಕುವವರು ಉಂಟು. ಆದುದರಿಂದ ಅದರ ಪೂರ್ವಚರಿತ್ರೆಯನ್ನು ತುಸು ವಿಚಾರಿಸೋಣ.

ಹೆಸರೂ ಹುಟ್ಟೂ

ಇದರ ನಿಜವಾದ ಹೆಸರು ಜರ್ಮನ್ ಷೆಪರ್ಡ್, ಎಂದರೆ ಜರ್ಮನಿಯ ಕುರಿಗಾಹಿ ನಾಯಿ. ಮೊದಲನೆಯ ಮಹಾಯುದ್ಧದ ದಿನಗಳಲ್ಲಿ ಬ್ರಿಟನ್ನಿನ ಜನಕ್ಕೆ ‘ಜರ್ಮನ್’ ಎಂಬ ಮಾತೇ ಬೇಡವಾಗಿತ್ತು. ಆಗ ಫ್ರಾನ್ಸ್ ಮತ್ತು ಜರ್ಮನಿಗಳ ಗಡಿಯಲ್ಲಿರುವ ಅಲ್ಸೇಸ್ ಪ್ರಾಂತದ ಹೆಸರನ್ನು ಇದಕ್ಕೆ ಅಂಟಿಸಿದರು. ಅಲ್ಲಿಯ ಕೆನಲ್ ಕ್ಲಬ್ 1977ರಲ್ಲಿ ಹಳೆಯ ಹೆಸರನ್ನು ಮರಳಿ ಕೊಟ್ಟಿತಾದರೂ ನಮ್ಮ ನಾಡಿನ ಆಡುಮಾತಿನಲ್ಲಿ ‘ಅಲ್ಸೇಷಿಯನ್’ ಉಳಿದುಕೊಂಡಿತು.

ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬಾತ ಜರ್ಮನಿಯ ಅಶ್ವದಳದಲ್ಲಿ ಅಧಿಕಾರಿಯಾಗಿದ್ದವನು. 1899ರ ಏಪ್ರಿಲ್ ತಿಂಗಳಿನಲ್ಲಿ ಒಂದು ಶ್ವಾನಪ್ರದರ್ಶನದಲ್ಲಿ ತನ್ನ ಮನಸ್ಸಿಗೆ ಒಪ್ಪಿದ ನಾಯಿಯೊಂದನ್ನು ಕಂಡು, ಕೊಂಡು, ಅದಕ್ಕೆ ಹೊರಾಂಡ್ ಎಂದು ಹೆಸರಿಟ್ಟನು. ಅದೇ ತಿಂಗಳಿನಲ್ಲಿ ಈ ತಳಿಗಾಗಿ ಒಂದು ಸಂಘವೂ ಸ್ಥಾಪಿತವಾಯಿತು. ರೂಪಕ್ಕಿಂತ ಬುದ್ಧಿ ಮತ್ತು ಕಾರ್ಯಶಕ್ತಿಗಳೇ ಮುಖ್ಯವೆಂಬುದು ಆತನ ನಿಲುವು.

ಆ ಕಾರ್ಯವಾದರೂ ಯಾವುದು? ಜರ್ಮನಿಯ ಬಯಲುಗಳಲ್ಲಿ ಬೇಲಿಯಿಲ್ಲದ ಪೈರಿನ ಹೊಲಗಳ ನಡುವೆ ಕಿರಿದಾದ ಹುಲ್ಲುಪಟ್ಟಿಗಳಿರುತ್ತಿದ್ದುವು. ನೂರಾರು ಕುರಿಗಳು ಅಲ್ಲಿ ಮೇಯಬೇಕು. ಪಕ್ಕದ ಪೈರಿಗೆ ಬಾಯಿ ಹಾಕಬಾರದು. ನಾಯಿಯು ಹೊಲದ ಅಂಚಿನಲ್ಲಿ ದಿನವಿಡೀ ಹಿಂದಕ್ಕೂ ಮುಂದಕ್ಕೂ ಓಡಾಡುತ್ತ, ತಾನೇ ಒಂದು ನಡೆದಾಡುವ ಬೇಲಿಯಾಗುತ್ತಿತ್ತು. ನಮ್ಮ ಸೀಮೆಯ ಕುರಿಗಾಹಿಗಳ ನಾಟಿ ನಾಯಿಗಳ ಕೆಲಸ ಬೇರೆ. ಕೊಯ್ಲಾದ ಹೊಲದಲ್ಲಿ ಗೊಬ್ಬರಕ್ಕಾಗಿ ಮಂದೆ ತರುಬಿದಾಗ, ಇರುಳೆಲ್ಲ ಎಚ್ಚರವಿದ್ದು ಕಳ್ಳರ ಮತ್ತು ಕಾಡುಮೃಗಗಳ ಸುಳಿವನ್ನು ಬೊಗಳಿ ತಿಳಿಸುವುದು ಅವುಗಳ ಪಾಲಿನ ಕರ್ತವ್ಯ.

ಸ್ವಭಾವ

ಈ ನಾಯಿಯ ಗುಣಗಳೆಲ್ಲವೂ ಆ ಹಳೆಯ ಕಸುಬಿನಿಂದ ಬಂದುವು: ದಣಿವರಿಯದ ಓಟ, ಯಜಮಾನನ ಸನ್ನೆಯ ಮೇಲೆ ಸದಾ ಕಣ್ಣು, ಹೊಸಬರಲ್ಲಿ ಸಂಶಯ, ಸಮಯಕ್ಕೆ ತಕ್ಕ ನಿರ್ಧಾರ. ಆದುದರಿಂದಲೇ ಪೋಲೀಸರೂ ಸೈನ್ಯದವರೂ ಇದನ್ನು ಬಳಸಿಕೊಂಡರು. 1916ರಲ್ಲಿ ಜರ್ಮನಿಯ ಓಲ್ಡನ್‌ಬುರ್ಗಿನಲ್ಲಿ ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗೆ ದಾರಿ ತೋರಲು ನಾಯಿಗಳನ್ನು ತರಬೇತುಗೊಳಿಸುವ ಶಾಲೆ ತೆರೆದಾಗ, ಅಲ್ಲಿ ಕಲಿತುವೂ ಇವೇ.

ಇಂತಹ ಪ್ರಾಣಿಯನ್ನು ಆರು ಅಡಿಯ ಸರಪಳಿಗೆ ಕಟ್ಟಿದರೆ ಆಗುವುದೇನು? ಓಡಬೇಕಾದ ಕಾಲು ನಿಂತಲ್ಲೇ ಸುತ್ತುತ್ತದೆ. ಹೊಸಬರು ಸುಳಿದಾಗ ಮುಂದೆ ಹೋಗಿ ನೋಡಲೂ ಆಗದೆ, ದೂರ ಸರಿಯಲೂ ಆಗದೆ, ಭಯವು ಕೋಪವಾಗಿ ಬೆಳೆಯುತ್ತದೆ. ನಾವು ‘ಕ್ರೌರ್ಯ’ವೆಂದು ಕರೆಯುವುದು ಎಷ್ಟೋ ವೇಳೆ ನಿರುದ್ಯೋಗದ ಫಲ. ಮರಿಯು ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗೆ ಲೋಕವನ್ನು ಅಂಜಿಕೆಯಿಲ್ಲದೆ ಪರಿಚಯಿಸಿಕೊಳ್ಳುತ್ತದೆ. ಆ ಅವಧಿಯಲ್ಲಿ ಅದು ಮಕ್ಕಳನ್ನೂ ಅತಿಥಿಗಳನ್ನೂ ವಾಹನಗಳನ್ನೂ ಕಾಣಬೇಕು. ಬೆಳೆದ ನಾಯಿಗೆ ದಿನಕ್ಕೆ ಒಂದೂವರೆ ಗಂಟೆಯಾದರೂ ನಡಿಗೆ, ಓಟ, ಕಲಿಕೆಗಳು ಅಗತ್ಯ. ಹೊಡೆತದಿಂದಲ್ಲ, ಬಹುಮಾನದಿಂದ ಕಲಿಸಬೇಕು.

ಉಷ್ಣದ ಲೆಕ್ಕ

ಇನ್ನು ಕೂದಲಿನ ಮಾತು. ನಮಗೆ ಮೈಯೆಲ್ಲ ಬೆವರುತ್ತದೆ. ನಾಯಿಗೆ ಬೆವರುವುದು ಮುಖ್ಯವಾಗಿ ಅಂಗಾಲಿನಲ್ಲಿ ಮಾತ್ರ, ಅದೂ ಅತ್ಯಲ್ಪ. ಅದು ತಣಿಯುವುದು ಏದುಸಿರಿನಿಂದ. ನಾಲಗೆ ಮತ್ತು ಶ್ವಾಸಮಾರ್ಗಗಳ ತೇವವು ಆವಿಯಾಗುವಾಗ ದೇಹದ ಉಷ್ಣವನ್ನು ಕೊಂಡೊಯ್ಯುತ್ತದೆ. ಒಂದು ಗ್ರಾಂ ನೀರು ಹೀಗೆ ಆವಿಯಾಗಲು ಸುಮಾರು 580 ಕ್ಯಾಲೊರಿ ಬೇಕು. 100 ಗ್ರಾಂಗೆ 58,000 ಕ್ಯಾಲೊರಿ. ಬೇರೆ ಉಷ್ಣ ಒಳಬರದಿದ್ದರೆ, 30 ಕಿಲೋಗ್ರಾಂ ತೂಕದ ನಾಯಿಯ ದೇಹವನ್ನು ಎರಡು ಡಿಗ್ರಿ ಸೆಲ್ಸಿಯಸ್‌ಗಿಂತ ತುಸು ಹೆಚ್ಚಾಗಿಯೇ ತಣಿಸಲು ಇಷ್ಟು ಸಾಕು! ಕುಡಿಯುವ ನೀರು ಕೈಗೆಟುಕುವಂತಿರಬೇಕೆಂಬ ಮಾತಿನ ಬೆಲೆ ಇದರಿಂದ ತಿಳಿಯುತ್ತದೆ.

ನಾಯಿಯ ಸಹಜ ತಾಪ ಸುಮಾರು 38.5 ಡಿಗ್ರಿ, 41 ದಾಟಿದರೆ ಪ್ರಾಣಾಪಾಯ. ಕಾದ ತಗಡು ಉಷ್ಣವನ್ನು ಕೆಳಕ್ಕೆ ವಿಕಿರಣಗೊಳಿಸುತ್ತದೆ. ಗಾಳಿಯಾಡದ ಮೂಲೆಯಲ್ಲಿ ಆವಿಯಾಗುವಿಕೆ ಕುಂಠಿತವಾಗುತ್ತದೆ. ಇವೆರಡೂ ಸೇರಿದರೆ ಏದುಸಿರು ಸೋಲುತ್ತದೆ. ಕೂದಲಿನ ಎರಡು ಪದರಗಳು ಚಳಿಯನ್ನು ತಡೆಯುವುದಲ್ಲದೆ, ಬಿಸಿಲು ಚರ್ಮಕ್ಕೆ ತಾಗದಂತೆಯೂ ಕಾಪಾಡುತ್ತವೆ. ಬೋಳಿಸಬಾರದು, ಉದುರಿದ ಒಳಗೂದಲನ್ನು ಬಾಚಿ ತೆಗೆಯಬೇಕು. ನಾಯಿ ತತ್ತರಿಸಿದರೆ ಒಡನೆಯೇ ಮೈಗೆ ತಣ್ಣೀರು ಸುರಿದು, ಗಾಳಿ ಬೀಸಿ, ಅನಂತರ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಆರೈಕೆ

ಬರಿಯ ರಾಗಿಮುದ್ದೆ ಇದಕ್ಕೆ ಸಾಲದು. ಮೊಟ್ಟೆ, ಮಾಂಸಗಳಂತಹ ಸಸಾರಜನಕದ ಆಹಾರವೂ ಬೇಕು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟುಗಳು ವಿಷಪ್ರಾಯ. ಎದೆಗೂಡು ಆಳವಾಗಿರುವುದರಿಂದ ಒಮ್ಮೆಗೇ ಹೊಟ್ಟೆ ಬಿರಿಯ ತಿಂದರೆ ಜಠರವು ಉಬ್ಬಿ ತಿರುಚಿಕೊಳ್ಳುವ ಭಯವುಂಟು. ಊಟವನ್ನು ಎರಡು ಹೊತ್ತಿಗೆ ಹಂಚಬೇಕು. ಸೊಂಟದ ಕೀಲಿನ ದೋಷ ಈ ತಳಿಯಲ್ಲಿ ಆನುವಂಶಿಕ. ತಾಯಿತಂದೆಗಳ ಎಕ್ಸ್-ರೇ ಪರೀಕ್ಷೆಯಾಗಿದೆಯೇ ಎಂದು ಕೇಳಿಯೇ ಮರಿಯನ್ನು ಕೊಳ್ಳುವುದು ಲೇಸು. ಉಣ್ಣೆಯ ಜ್ವರ ಇವುಗಳಲ್ಲಿ ಉಗ್ರವಾಗುವುದರಿಂದ ಮೈಯನ್ನು ದಿನವೂ ತಡಕಿ ನೋಡಬೇಕು. ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನು ತಪ್ಪಿಸುವಂತಿಲ್ಲ. ಸಂಶಯ ಬಂದಾಗ ಕೇಳಲು ತಾಲ್ಲೂಕು ಪಶು ಆಸ್ಪತ್ರೆಗಳಿವೆ. 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯ ಕಾಲೇಜು ದೇವನಹಳ್ಳಿಯ ದಾರಿಯಲ್ಲಿಯೇ ಇದೆ.

ಅಂದು ನಾವು ಮಾಡಿದ್ದು ಇಷ್ಟೆ: ಬಟ್ಟಲನ್ನು ತುಂಬಿಸಿ, ಈ ಲೆಕ್ಕವನ್ನು ಮನೆಯವರ ಮಗನಿಗೆ ಕಾಗದದ ಮೇಲೆ ಬರೆದು ತೋರಿಸಿದೆವು. ಎರಡು ತಿಂಗಳ ಮೇಲೆ ಹೋದಾಗ ನಾಯಿ ಹೊಂಗೆಯ ಮರದ ನೆರಳಿನ ಅಂಗಳದಲ್ಲಿ ಸರಪಳಿಯಿಲ್ಲದೆ ಮಲಗಿತ್ತು. ಹುಡುಗ ದಿನವೂ ಬೆಳಗ್ಗೆ ಸಂಜೆ ಅದನ್ನು ಕೆರೆಯ ಏರಿಯ ತನಕ ನಡೆಸುತ್ತಾನಂತೆ. ನಮ್ಮನ್ನು ಕಂಡು ಅದು ಎದ್ದು ಎರಡು ಸಲ ಬೊಗಳಿತು. ಹುಡುಗ “ಕೂತ್ಕೋ” ಎಂದೊಡನೆ ಕುಳಿತುಕೊಂಡಿತು. ಕಾವಲು ಎಂದರೆ ಇದೇ ಅಲ್ಲವೆ?