ಬಣ್ಣದ ಪೆನ್ಸಿಲಿನ ಹೊಳಪೂ ನಿಜವಾದ ಬಣ್ಣವೂ

ಬಣ್ಣದ ಪೆನ್ಸಿಲಿನಿಂದ ಮಾವಿನ ಎಲೆಯನ್ನೋ ದಾಸವಾಳದ ಹೂವನ್ನೋ ಬಿಡಿಸಿದ ಬಾಲಿಕೆಯು ಅದನ್ನು ಕಿಟಕಿಯ ಬಳಿಯಲ್ಲಿ ಹಿಡಿದು ನೋಡುವಾಗ, ದಟ್ಟವಾಗಿ ತುಂಬಿದ ಭಾಗವೇ ಬೆಳ್ಳಗೆ ಮಿರುಗಿ ಬಣ್ಣವು ಮಾಯವಾದಂತೆ ಕಾಣುವುದುಂಟು. ಬಣ್ಣ ಸಾಲದೆಂದು ತಿಳಿದು ಆಕೆಯು ಇನ್ನಷ್ಟು ಒತ್ತಿ ತಿಕ್ಕುವಳು. ಮಿರುಗು ಮತ್ತಷ್ಟು ಹೆಚ್ಚುವುದು. ನೋಡಿದ ಹಿರಿಯರು, ಈಕೆಗೆ ಬಣ್ಣದ ಪರಿಜ್ಞಾನವಿಲ್ಲವೆಂದು ತೀರ್ಪು ಹೇಳಿಬಿಡುವರು. ಎಷ್ಟೋ ವೇಳೆ ತಪ್ಪು ಆಕೆಯ ಕೈಯದೂ ಅಲ್ಲ, ಕಣ್ಣಿನದೂ ಅಲ್ಲ, ಕಡ್ಡಿಯಲ್ಲಿರುವ ಮೇಣದ್ದು. ಆದಕಾರಣ ಈ ವಿಷಯವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ಸ್ವಲ್ಪ ವಿವರಿಸಲಿಚ್ಛಿಸುತ್ತೇವೆ.

ಕಪ್ಪು ಪೆನ್ಸಿಲಿನ ಕಡ್ಡಿಯು ಗ್ರಾಫೈಟೆಂಬ ಖನಿಜದ ಪುಡಿಯನ್ನು ಜೇಡಿಮಣ್ಣಿನೊಡನೆ ಕಲಸಿ ಕುಲುಮೆಯಲ್ಲಿ ಸುಟ್ಟದ್ದು. ಈ ಕ್ರಮವನ್ನು 1795ರಲ್ಲಿ ಫ್ರಾನ್ಸ್ ದೇಶದ ನಿಕೊಲಾ ಜಾಕ್ ಕಾಂಟೆ ಎಂಬವನು ರೂಢಿಗೆ ತಂದನು. ಬಣ್ಣದ ಕಡ್ಡಿಯನ್ನಾದರೋ ಹಾಗೆ ಸುಡುವಂತಿಲ್ಲ. ಆ ಕಾವಿಗೆ ಹೆಚ್ಚಿನ ಬಣ್ಣಗಳು ಕೆಟ್ಟುಹೋಗುವುವು. ಆದುದರಿಂದ ಬಣ್ಣದ ಪುಡಿ, ಬಿಳಿಯ ಜೇಡಿಮಣ್ಣು ಅಥವಾ ಬಳಪದ ಕಲ್ಲಿನ ನುಣ್ಣನೆಯ ಪುಡಿ, ಅಂಟು, ಮೇಣ ಅಥವಾ ಕೊಬ್ಬು ಇವನ್ನು ಸೇರಿಸುತ್ತಾರೆ. ಕಲಸಿದ ಮುದ್ದೆಯನ್ನು ಸಣ್ಣ ರಂಧ್ರದ ಮೂಲಕ ಶಾವಿಗೆಯಂತೆ ಒತ್ತಿ ತೆಗೆದು ಒಣಗಿಸುವರು. ಕೆಲವರು ಒಣಗಿದ ಕಡ್ಡಿಯನ್ನು ಕರಗಿದ ಮೇಣದಲ್ಲಿ ನೆನೆಯಿಸುವುದೂ ಉಂಟು. ಕಡ್ಡಿಯು ಕಾಗದದ ಮೇಲೆ ನಯವಾಗಿ ಜಾರುವುದೂ ಬಣ್ಣವು ಕಾಗದಕ್ಕೆ ಅಂಟುವುದೂ ಈ ಮೇಣದಿಂದಲೇ. ಅದೇ ಮೇಣವು ಹೊಳಪಿಗೂ ಕಾರಣವಾಗಿದೆ.

ಅದು ಹೇಗೆಂದರೆ: ಚಿತ್ರದ ಮೇಲೆ ಬೀಳುವ ಬೆಳಕಿನ ಬಹುಭಾಗವು ಬಣ್ಣದ ಪದರದ ಒಳಕ್ಕೆ ಹೋಗುವುದು. ಅಲ್ಲಿ ಬಣ್ಣದ ಕಣಗಳು ಕೆಲವು ಕಿರಣಗಳನ್ನು ಹೀರಿ ಉಳಿದವನ್ನು ಹಿಂದಕ್ಕೆ ಕಳುಹಿಸುವುವು. ಹಾಗೆ ಮರಳಿದ ಬೆಳಕೇ ನಮಗೆ ಹಸುರಾಗಿಯೋ ಕೆಂಪಾಗಿಯೋ ತೋರುವುದು. ಆದರೆ ಸ್ವಲ್ಪ ಬೆಳಕು ಒಳಹೊಗದೆ ಮೇಣದ ಮೈಯಿಂದಲೇ ಚಿಮ್ಮಿ ಬರುವುದು. ನೇರವಾಗಿ ಬಿದ್ದ ಬೆಳಕಿನಲ್ಲಿ ಇದು ನೂರಕ್ಕೆ ಸುಮಾರು 4 ಪಾಲು ಮಾತ್ರ. ಬೆಳಕು ಓರೆಯಾದಷ್ಟೂ ಹೆಚ್ಚುತ್ತದೆ. ಈ ಬೆಳಕು ಬಣ್ಣವನ್ನು ಮುಟ್ಟಿಯೇ ಇಲ್ಲವಾದುದರಿಂದ ಬೆಳ್ಳಗೇ ಇರುವುದು. ಮೇಣದ ಮೈ ನುಣುಪಾಗಿದ್ದರೆ ಅದೆಲ್ಲವೂ ಕನ್ನಡಿಯಿಂದ ಬಂದಂತೆ ಒಂದೇ ದಿಕ್ಕಿಗೆ ಬರುವುದು. ಆ ದಿಕ್ಕಿನಲ್ಲಿ ನಮ್ಮ ಕಣ್ಣಿದ್ದರೆ ಹಸುರಿನ ಮೇಲೆ ಸುಣ್ಣದ ನೀರು ಬಳಿದಂತೆ ತೋರುವುದು. ಕಪ್ಪು ಪೆನ್ಸಿಲಿನ ಗುರುತು ಬೂದುಬಣ್ಣದಲ್ಲಿ ಮಿನುಗುವುದಕ್ಕೂ ಕಾರಣ ಇಂಥದೇ: ಗ್ರಾಫೈಟಿನ ಕಣಗಳು ಚಪ್ಪಟೆಯಾದ ಹಾಳೆಗಳಂತಿದ್ದು ಒತ್ತಿದಾಗ ಸಾಲಾಗಿ ಮಲಗುವುವು.

ಹಾಗಾದರೆ ಹೊಳಪನ್ನು ಪೂರ್ಣವಾಗಿ ನೀಗಿಸಿದರೆ ಒಳ್ಳೆಯದಲ್ಲವೇ ಎಂದು ಕೇಳಬಹುದು. ರೇಷ್ಮೆಯ ಸೀರೆಯನ್ನೂ ಅದೇ ಬಣ್ಣದ ನೂಲಿನ ಸೀರೆಯನ್ನೂ ಹೋಲಿಸಿ ನೋಡಿರಿ. ರೇಷ್ಮೆಯು ಒಂದು ಮಗ್ಗುಲಿನಿಂದ ಬೆಳ್ಳಗೆ ಮಿಂಚಿ, ಇನ್ನೊಂದು ಮಗ್ಗುಲಿನಿಂದ ಬಹು ಗಾಢವಾಗಿ ಕಾಣುವುದು. ನೂಲಾದರೋ ಎತ್ತಲಿಂದ ನೋಡಿದರೂ ಬಹುಮಟ್ಟಿಗೆ ಒಂದೇ ಸಮನಾಗಿರುವುದು. ಒಣಗಿದ ಕರಿಗಲ್ಲು ಬೂದಿಯ ಬಣ್ಣದಲ್ಲಿದ್ದು ನೀರು ಚೆಲ್ಲಿದೊಡನೆ ಕಪ್ಪಾಗುವುದನ್ನು ಎಲ್ಲರೂ ಬಲ್ಲರು. ಉರುಟಾದ ಮೈಯು ಆ ಬಿಳಿಯ ಬೆಳಕನ್ನು ಇಲ್ಲದಂತೆ ಮಾಡುವುದಿಲ್ಲ, ಎಲ್ಲ ಕಡೆಗೂ ಹಂಚುತ್ತದೆ. ಆದುದರಿಂದ ಮಿರುಗಿಲ್ಲದ ಬಣ್ಣವು ಎಲ್ಲಿಂದ ನೋಡಿದರೂ ಒಂದೇ ತೆರನಾಗಿದ್ದರೂ, ಅತಿ ಕಪ್ಪು ಛಾಯೆಗಳ ಆಳವು ಕೊಂಚ ಕುಂದುವುದು. ಲಾಭವೂ ನಷ್ಟವೂ ಹೀಗೆ ಜೊತೆಯಾಗಿಯೇ ಇವೆ.

ಪೆನ್ಸಿಲು ತಯಾರಿಸುವವರು ಈ ಎರಡರ ನಡುವೆ ಹದ ಹುಡುಕಬೇಕಾಗುತ್ತದೆ. ಮೇಣವನ್ನು ಕಡಿಮೆ ಮಾಡಿ ಪುಡಿಯನ್ನು ಹೆಚ್ಚಿಸಿದರೆ ಮೈ ಒರಟಾಗಿ ಮಿರುಗು ತಗ್ಗುವುದು. ಆದರೆ ಕಡ್ಡಿಯು ಕಾಗದವನ್ನು ಕೆರೆಯುವುದು, ಬೇಗನೆ ಪುಡಿಯಾಗುವುದು. ಬಿಳಿಯ ಪುಡಿಯು ಮಿತಿಮೀರಿದರೆ ಬಣ್ಣವೇ ಪೇಲವವಾಗುವುದು. ಕಪ್ಪು ಕಡ್ಡಿಗೆ ಗ್ರಾಫೈಟಿನೊಡನೆ ದೀಪದ ಮಸಿಯಂಥ ಇಂಗಾಲದ ಪುಡಿಯನ್ನು ಬೆರೆಸಿ ಹೊಳಪನ್ನು ಇಳಿಸುವುದೂ ಉಂಟು.

ಮನೆಯಲ್ಲಿ ಮಾಡಬಹುದಾದದ್ದೂ ಬಹಳವಿದೆ. ಮೊದಲನೆಯದಾಗಿ, ಒಂದೇ ಸಲಕ್ಕೆ ಒತ್ತಿ ತಿಕ್ಕದೆ, ಚೂಪಾದ ಮೊನೆಯಿಂದ ಹಗುರವಾದ ಪದರಗಳನ್ನು ಒಂದರ ಮೇಲೊಂದಾಗಿ ಹಾಕುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸತಕ್ಕದ್ದು. ಒತ್ತಡವು ಕಾಗದದ ತರಿಯನ್ನು ಚಪ್ಪಟೆಮಾಡಿ ಮೇಣಕ್ಕೆ ಮೆರುಗು ಕೊಡುವುದು. ಎರಡನೆಯದಾಗಿ, ನುಣುಪಾದ ಕಾಗದಕ್ಕಿಂತ ಸ್ವಲ್ಪ ತರಿತರಿಯಾದ ಕಾಗದವು ಮೇಲು. ಮೂರನೆಯದಾಗಿ, ಬಲಗೈಯಲ್ಲಿ ಬರೆಯುವವಳಿಗೆ ಬೆಳಕು ಎಡಮಗ್ಗುಲಿನಿಂದ ಬರಲಿ. ಎದುರುಗಡೆಯ ಕಿಟಕಿಯ ಬೆಳಕೇ ನೇರವಾಗಿ ಕಣ್ಣಿಗೆ ಚಿಮ್ಮುವಂಥದು. ಚಿತ್ರದ ಛಾಯಾಚಿತ್ರವನ್ನು ತೆಗೆಯುವಾಗಲೂ ದೀಪವನ್ನು ಪಕ್ಕದಲ್ಲಿಡಬೇಕು.

ಇನ್ನೊಂದು ತೊಂದರೆಯನ್ನು ಹೊಳಪೆಂದು ಭ್ರಮಿಸಬಾರದು. ದಟ್ಟವಾಗಿ ಮೇಣ ಕೂತ ಚಿತ್ರದ ಮೇಲೆ ಕೆಲವು ದಿನಗಳ ತರುವಾಯ ದ್ರಾಕ್ಷಿಯ ಹಣ್ಣಿನ ಮೇಲಿರುವಂತೆ ಬಿಳಿಯ ಪೊರೆಯು ಮೂಡಬಹುದು. ಅದು ಮೇಲಕ್ಕೆ ಎದ್ದು ಬಂದ ಮೇಣ, ಬಣ್ಣ ಮಾಸಿದ್ದಲ್ಲ. ಮೆತ್ತನೆಯ ಒಣಬಟ್ಟೆಯಿಂದ ಹಗುರವಾಗಿ ಒರಸಿದರೆ ಬಣ್ಣವು ಮರಳಿ ಕಾಣುವುದು. ಈ ಕಾರಣದಿಂದ ಹಳೆಯ ಚಿತ್ರಗಳು ಕೆಟ್ಟವೆಂದು ಎಸೆಯಬೇಡಿರಿ.

ತಾಯಿತಂದೆಗಳಲ್ಲಿ ನಮ್ಮ ವಿನಂತಿಯಿಷ್ಟೇ. ಮಗಳು ಚಿತ್ರವನ್ನು ತಂದು ತೋರಿಸಿದಾಗ, ಬಣ್ಣ ಸರಿಯಿಲ್ಲವೆಂದು ಹೇಳುವ ಮುನ್ನ ಕಾಗದವನ್ನು ಒಂದಿಷ್ಟು ವಾಲಿಸಿ ನೋಡಿರಿ. ಬೆಳಕಿನ ದಿಕ್ಕು ಬದಲಾದೊಡನೆ, ಆಕೆಯು ಕಂಡು ಹಾಕಿದ ಹಸುರು ನಿಮಗೂ ಕಾಣಬಹುದು. ಅವಸರದ ಒಂದು ಮಾತಿನಿಂದ ಪೆನ್ಸಿಲನ್ನು ಕೆಳಗಿಟ್ಟ ಕೈಯು ಅದನ್ನು ಮತ್ತೆ ಎತ್ತಿಕೊಳ್ಳುವುದು ಸುಲಭವಲ್ಲ.