ಮೊದಲ ಮಾತು ‘ಬೇಡ’ ಆಗಲಿ

ಮಧ್ಯಾಹ್ನದ ಊಟದ ಹೊತ್ತು. ವಿಶೇಷ ಶಾಲೆಯ ತರಗತಿಯಲ್ಲಿ ಏಳು ವರ್ಷದ ಹುಡುಗ ತಟ್ಟೆಯನ್ನು ದೂಡುತ್ತಾನೆ, ಕಿರುಚುತ್ತಾನೆ, ಕೈ ಕಚ್ಚಿಕೊಳ್ಳುತ್ತಾನೆ. ಅವನಿಗೆ ಆಟಿಸಂ ಇದೆ, ಮಾತು ಬಂದಿಲ್ಲ. ಸಾರು ಖಾರವಾಯಿತೇ? ಹೊಟ್ಟೆ ತುಂಬಿತೇ? ಅಡುಗೆಮನೆಯ ಮಿಕ್ಸಿ ಸದ್ದು ತಡೆಯಲಾಗುತ್ತಿಲ್ಲವೇ? ನೋಡುವವರ ಕಣ್ಣಿಗೆ ಬೀಳುವುದು ಹಟ ಮಾತ್ರ. ವಿಶೇಷ ಶಿಕ್ಷಕರಿಗೆ ಇದು ಹೊಸ ದೃಶ್ಯವಲ್ಲ. ಅದೇ ಹುಡುಗ ಪಕ್ಕದಲ್ಲಿರುವ ಟ್ಯಾಬ್‌ನ ಮೇಲೆ ಒಂದು ಚಿತ್ರ ಒತ್ತಿ, ಅದರಿಂದ ‘ಬೇಡ’ ಎಂಬ ದನಿ ಹೊರಟರೆ, ಹಟವೆಂದುಕೊಂಡದ್ದು ಮಾತಾಗುತ್ತದೆ.

ಬಾಯಿಮಾತಿಗೆ ಜೊತೆಯಾಗಿ, ಇಲ್ಲವೇ ಅದರ ಬದಲಿಗೆ ಬಳಸುವ ಇಂಥ ದಾರಿಗಳಿಗೆ ಪೂರಕ ಮತ್ತು ಪರ್ಯಾಯ ಸಂವಹನ ಎಂದು ಹೆಸರು. ಶಿಕ್ಷಕರು ಚಿಕ್ಕದಾಗಿ ‘ಎಎಸಿ’ ಎನ್ನುತ್ತಾರೆ. ಇದು ಟ್ಯಾಬ್‌ಗಿಂತ ಹಳೆಯದು. 1971ರಲ್ಲಿ ಕೆನಡಾದ ಟೊರಾಂಟೊದಲ್ಲಿ ಸೆರೆಬ್ರಲ್ ಪಾಲ್ಸಿ ಇದ್ದ ಮಕ್ಕಳಿಗೆ ‘ಬ್ಲಿಸ್’ ಎಂಬ ಚಿತ್ರಸಂಕೇತಗಳ ಹಲಗೆ ಕೊಟ್ಟು, ಬೆರಳು ತೋರಿಸಿ ಮಾತಾಡುವುದನ್ನು ಕಲಿಸಿದರು. 1985ರಲ್ಲಿ ಅಮೆರಿಕದ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್, ಚಿತ್ರದ ಕಾರ್ಡನ್ನು ಎದುರಿನವರ ಕೈಗಿತ್ತು ಬೇಕಾದ್ದನ್ನು ಪಡೆಯುವ ಪದ್ಧತಿ ರೂಪಿಸಿದರು. ದನಿ ಹೊರಡಿಸುವ ಯಂತ್ರಗಳು ಆಮೇಲೂ ಬಹುಕಾಲ ಲಕ್ಷಗಟ್ಟಲೆ ಬೆಲೆ ಬಾಳುತ್ತಿದ್ದವು. ಟ್ಯಾಬ್‌ಗಳು ಬಂದ ಮೇಲೆ ಆ ಕೆಲಸವನ್ನು ಆ್ಯಪ್‌ಗಳು ಮಾಡತೊಡಗಿದವು. ಚೆನ್ನೈನಲ್ಲಿ ಅಜಿತ್ ನಾರಾಯಣನ್ ರೂಪಿಸಿದ ‘ಆವಾಜ್’, ಐಐಟಿ ಬಾಂಬೆಯಲ್ಲಿ ಹುಟ್ಟಿದ ‘ಜೆಲ್ಲೊ’ ನಮ್ಮ ದೇಶದವೇ. ‘ಸಿಬೋರ್ಡ್’ ಬ್ರೌಸರ್‌ನಲ್ಲೇ ತೆರೆದುಕೊಳ್ಳುವ ಮುಕ್ತ ತಂತ್ರಾಂಶ. ಸ್ಪೇನ್‌ನ ಅರಗಾನ್ ಪ್ರಾಂತ್ಯದ ಸರ್ಕಾರ ನಡೆಸುವ ‘ಅರಸಾಕ್’ ಜಾಲತಾಣದಿಂದ ಸಾವಿರಾರು ಚಿತ್ರಗಳನ್ನು ಉಚಿತವಾಗಿ ಇಳಿಸಿಕೊಂಡು, ತರಗತಿಗೆ ಬೇಕಾದಂತೆ ಮುದ್ರಿಸಬಹುದು.

ಬೆರಳಿನಿಂದ ಒತ್ತಲಾಗದ ಮಗುವಿಗೂ ದಾರಿಯಿದೆ. ಪರದೆಯ ಮೇಲೆ ಬೆಳಕಿನ ಚೌಕಟ್ಟು ಒಂದೊಂದೇ ಚಿತ್ರದ ಮೇಲೆ ಸರಿಯುತ್ತಾ ಹೋಗುತ್ತದೆ. ಬೇಕಾದ ಚಿತ್ರಕ್ಕೆ ಬಂದಾಗ ಮಗು ಮೊಣಕೈಯಿಂದಲೋ ತಲೆಯಿಂದಲೋ ದೊಡ್ಡದೊಂದು ಸ್ವಿಚ್ ಅದುಮಿದರೆ ಸಾಕು.

ಕನ್ನಡದ ಮಕ್ಕಳ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ‘ನೀರು’, ‘ಬೇಕು’ ಎಂಬ ಎರಡು ಚಿತ್ರ ಒತ್ತಿದರೆ ನಮ್ಮಲ್ಲಿ ವಾಕ್ಯವೇ ಮುಗಿಯಿತು. ಆದರೆ ಇಂಗ್ಲಿಷ್ ಹಲಗೆಯನ್ನು ಪದಕ್ಕೆ ಪದವಿಟ್ಟು ಕನ್ನಡಕ್ಕೆ ತಂದರೆ ಎಡವಟ್ಟಾಗುತ್ತದೆ. ಮನೆಗೆ ಹೋಗುವ ಆಸೆಯಿಂದ ಮಗು ನಡೆಯುವ ಮನುಷ್ಯನ ಚಿತ್ರ ಒತ್ತುತ್ತದೆ. ಯಂತ್ರ ‘ಹೋಗು’ ಎನ್ನುತ್ತದೆ. ಕನ್ನಡದಲ್ಲಿ ಬರಿಯ ಧಾತುವೇ ಆಜ್ಞೆ. ‘ನಾನು ಹೋಗಬೇಕು’ ಎಂದ ಮಗು ‘ನೀನು ಹೋಗು’ ಎಂದಂತೆ ಕೇಳಿಸುತ್ತದೆ. ‘ಅಮ್ಮ’, ‘ಕೊಡು’ ಎರಡನ್ನೂ ಒತ್ತಿದರೆ ಅಮ್ಮನಿಗೆ ಕೊಡಬೇಕೋ, ಅಮ್ಮನೇ ಕೊಡಬೇಕೋ? ವಿಭಕ್ತಿ ಪ್ರತ್ಯಯಕ್ಕೆ ಚಿತ್ರ ಬರೆಯುವುದು ಹೇಗೆ? ಹಾಗಾಗಿ ಗುಂಡಿಯ ಮೇಲಿನ ಮಾತನ್ನು ತಿದ್ದುವ, ನಮ್ಮದೇ ದನಿ ಮುದ್ರಿಸುವ ಸೌಲಭ್ಯವಿರುವ ಆ್ಯಪ್ ಆರಿಸಿಕೊಳ್ಳಬೇಕು. ಅಲ್ಲಿ ‘ಹೋಗ್ಬೇಕು’, ‘ಹೊಟ್ಟೆ ನೋಯ್ತಿದೆ’ ಎಂದೇ ಇರಲಿ. ಧಾರವಾಡದ ಮನೆಯ ಮಗುವಿಗೆ ‘ಬ್ಯಾಡ’ ಎಂದೇ ಮುದ್ರಿಸಿ. ಮಗು ದಿನವೂ ಕೇಳುವ ಕನ್ನಡವೇ ಅದರ ಕನ್ನಡ.

‘ಯಂತ್ರ ಕೊಟ್ಟರೆ ಇರುವ ಮಾತೂ ನಿಂತುಹೋದೀತು’ ಎಂಬ ಭಯ ತಂದೆತಾಯಂದಿರದು. ಡಯಾನ್ ಮಿಲ್ಲರ್, ಜಾನಿಸ್ ಲೈಟ್ ಮತ್ತು ರಾಲ್ಫ್ ಶ್ಲೋಸರ್ 2006ರಲ್ಲಿ ಅದುವರೆಗಿನ ಅಧ್ಯಯನಗಳನ್ನು ಜರಡಿ ಹಿಡಿದರು. ಗಟ್ಟಿ ಪುರಾವೆಯಿದ್ದ 27 ಮಂದಿಯಲ್ಲಿ ಶೇ 89ರಷ್ಟು ಜನರ ಬಾಯಿಮಾತು ಹೆಚ್ಚಿತ್ತು. ಬಹುತೇಕ ಹೆಚ್ಚಳ ಸಣ್ಣದೇ, ಆದರೆ ಒಬ್ಬರಲ್ಲೂ ಮಾತು ಕುಗ್ಗಿರಲಿಲ್ಲ.

ಹಾಗೆಂದು ಟ್ಯಾಬ್ ಕೈಗಿಟ್ಟ ಮಾತ್ರಕ್ಕೆ ಮಗು ಮಾತಾಡುವುದಿಲ್ಲ. ಕೂಸು ಮೊದಲ ಮಾತಾಡುವ ಮುನ್ನ ಮನೆಮಂದಿಯ ಮಾತನ್ನು ತಿಂಗಳುಗಟ್ಟಲೆ ಕೇಳಿರುತ್ತದೆ. ಚಿತ್ರಗಳ ಭಾಷೆಗೂ ಆ ಕೇಳ್ಮೆ ಬೇಕು. ಆದ್ದರಿಂದ ಟೀಚರ್ ತಾವು ಮಾತಾಡುವಾಗಲೇ ಚಿತ್ರವನ್ನೂ ಒತ್ತುತ್ತಾ ಹೋಗಬೇಕು. ‘ಚೆಂಡು ಬೇಕಾ?’ ಎನ್ನುತ್ತಾ ‘ಚೆಂಡು’, ‘ಬೇಕು’ ಎರಡನ್ನೂ ಮುಟ್ಟಿ ತೋರಿಸಿ, ಮನಸ್ಸಿನಲ್ಲೇ ಹತ್ತು ಎಣಿಸುತ್ತಾ ಕಾಯಬೇಕು. ಮಗುವಿನ ಕೈ ಹಿಡಿದು ಒತ್ತಿಸಿದರೆ ಅದು ಮಗುವಿನ ಮಾತಲ್ಲ. ಚಿತ್ರಗಳ ಜಾಗವನ್ನು ಪದೇ ಪದೇ ಬದಲಿಸಬಾರದು. ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಗೆ ಕೈ ತಾನಾಗಿ ಹೋಗುವ ಹಾಗೆ, ‘ಬೇಡ’ದ ಕಡೆಗೂ ಬೆರಳು ತಾನಾಗಿ ಹೋಗಬೇಕು. ಬ್ಯಾಟರಿ ಮುಗಿದ ಗಳಿಗೆಗೆ ಅದೇ ಚಿತ್ರಗಳ ಲ್ಯಾಮಿನೇಟ್ ಹಾಳೆ ಚೀಲದಲ್ಲಿರಲಿ. ಕಾರ್ಟೂನ್ ನೋಡುವ ಟ್ಯಾಬ್ ಬೇರೆಯಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಈ ಒಂದೇ ಆ್ಯಪ್ ತೆರೆದಿರುವಂತೆ ಪರದೆಗೆ ಬೀಗ ಹಾಕಬಹುದು. ಒಂದಂತೂ ಮರೆಯಬಾರದು: ಗಲಾಟೆ ಮಾಡಿದ್ದಕ್ಕೆ ಶಿಕ್ಷೆಯೆಂದು ಈ ಟ್ಯಾಬ್ ಕಿತ್ತುಕೊಳ್ಳುವುದೆಂದರೆ ಮಗುವಿನ ಬಾಯಿ ಮುಚ್ಚಿದಂತೆ.

ಹೆಚ್ಚಿನ ತರಗತಿಗಳಲ್ಲಿ ಮೊದಲು ಕಲಿಸುವುದು ಬಣ್ಣ, ಹಣ್ಣು, ಪ್ರಾಣಿಗಳ ಹೆಸರು. ಆನೆಯ ಹೆಸರು ಹೇಳಿದರೆ ಮಗುವಿನ ದಿನದಲ್ಲಿ ಏನೂ ಬದಲಾಗದು. ಬೇಕು, ಬೇಡ, ಸಾಕು, ಇನ್ನೂ, ಬಾ ಎಂಬ ಪುಟ್ಟ ಮಾತುಗಳು ಊಟಕ್ಕೂ ಆಟಕ್ಕೂ ಪಾಠಕ್ಕೂ ಒದಗುತ್ತವೆ. ಅವುಗಳಲ್ಲೂ ‘ಬೇಡ’ ಮೊದಲು ಬರಲಿ, ಏಕೆಂದರೆ ಕಿರುಚಾಟದ ಜಾಗದಲ್ಲಿ ನಿಲ್ಲುವ ಮಾತು ಅದೇ. ಆ ಮಾತಿಗೆ ಬೆಲೆ ಕಟ್ಟುವುದು ಯಂತ್ರವಲ್ಲ, ಕೇಳುವವರು. ಹುಡುಗ ಇಂದು ಊಟಕ್ಕೆ ಕೂತು ಆ ಚಿತ್ರ ಒತ್ತಿದರೆ, ‘ಇನ್ನೆರಡು ತುತ್ತು ತಿನ್ನು ಪುಟ್ಟಾ’ ಎನ್ನುವ ಮುಂಚೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿ. ತನ್ನ ಮಾತು ನಡೆಯುತ್ತದೆಂದು ಗೊತ್ತಾದ ಮಗು ನಾಳೆ ಇನ್ನೊಂದು ಚಿತ್ರದ ಕಡೆಗೆ ಬೆರಳು ಚಾಚುತ್ತದೆ.