ರಾತ್ರಿ ನೀರು ಹಾಯಿಸುವವರಿಗೆ ಹಗಲು ನಿದ್ದೆ ಯಾಕೆ ಬಾರದು?

ರೋಣ, ನರಗುಂದ, ಗಜೇಂದ್ರಗಡದ ಕಡೆ ಪಂಪ್‌ಸೆಟ್ ಇರುವ ರೈತರಿಗೆ ಇದು ಗೊತ್ತಿರುವ ಪಾಡು. ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂದರೆ ರಾತ್ರಿಯೇ ಹೊಲಕ್ಕೆ ಹೋಗಬೇಕು. ಬೆಳಿಗ್ಗೆ ಬಂದು ಒರಗಿದರೆ ಮೈ ದಣಿದಿದ್ದರೂ ಕಣ್ಣು ಹತ್ತುವುದಿಲ್ಲ. ಹಗಲೇ ಕರೆಂಟ್ ಕೊಟ್ಟರೆ ಈ ಲೇಖನವೇ ಬೇಕಿಲ್ಲ ಎನ್ನುತ್ತೀರಿ. ಸರಿಯೇ. ಅಲ್ಲಿಯವರೆಗೆ ದೇಹದ ಗಡಿಯಾರದ ಬಗ್ಗೆ ತಿಳಿದಿರಲಿ.

ಈ ಗಡಿಯಾರ ಮೆದುಳಿನಲ್ಲಿದೆ. ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ತುಸು ಮೇಲೆ, ಸುಮಾರು 20,000 ನರಕೋಶಗಳ ಗುಂಪು. ಕೋಶದೊಳಗೆ ಕೆಲವು ಜೀನ್‌ಗಳು, ಅಂದರೆ ವಂಶವಾಹಿಗಳು, ಪ್ರೋಟೀನ್ ತಯಾರಿಸುತ್ತವೆ. ಅದು ಸಾಕಷ್ಟು ಸೇರಿದಾಗ ತನ್ನದೇ ತಯಾರಿಕೆಯನ್ನು ನಿಲ್ಲಿಸುತ್ತದೆ. ಕರಗಿದ ಮೇಲೆ ಮತ್ತೆ ತಯಾರಿ ಶುರು. ಒಂದು ಸುತ್ತಿಗೆ ಹೆಚ್ಚುಕಡಿಮೆ 24 ತಾಸು. ಕೊಳೆತ ಬಾಳೆಹಣ್ಣಿನ ಮೇಲೆ ಮುತ್ತುವ ಪುಟ್ಟ ನೊಣದಲ್ಲಿ ಇದನ್ನು ಬಿಡಿಸಿ ತೋರಿಸಿದ ಹಾಲ್, ರಾಸ್‌ಬ್ಯಾಶ್, ಯಂಗ್ ಅವರಿಗೆ 2017ರ ನೊಬೆಲ್ ಬಂತು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರದಲ್ಲೂ ಇದೇ ನೊಣದ ಗಡಿಯಾರದ ಮೇಲೆ ಸಂಶೋಧನೆ ನಡೆದಿದೆ. ಮನುಷ್ಯರಲ್ಲಿ ಈ ಸುತ್ತು 24 ತಾಸಿಗಿಂತ ತುಸು ಉದ್ದ. ಅದನ್ನು ದಿನವೂ ಸರಿಪಡಿಸುವುದು ಬೆಳಗಿನ ಬೆಳಕು. ರಾತ್ರಿಯೆಲ್ಲ ಎದ್ದಿದ್ದವರಿಗೂ ಆ ಬೆಳಕು ಹೇಳುವುದು ಒಂದೇ: ಏಳು.

ಗಡಿಯಾರದ ನಂಟು ನಿದ್ದೆಗಷ್ಟೇ ಅಲ್ಲ, ಸೋಂಕಿಗೂ ಇದೆ. ವೈರಸ್ ತಾನಾಗಿ ಹೆಚ್ಚಲಾರದು, ನಮ್ಮ ಕೋಶವನ್ನೇ ದುಡಿಸಿಕೊಳ್ಳುತ್ತದೆ. ಕೋಶದ ಕೆಲಸ ಹೊತ್ತಿಗೆ ತಕ್ಕಂತೆ ಬದಲಾಗುತ್ತದೆ. ಕೇಂಬ್ರಿಜ್ ವಿಜ್ಞಾನಿಗಳು 2016ರಲ್ಲಿ ಹರ್ಪಿಸ್ ವೈರಸ್ ಕೊಟ್ಟು ನೋಡಿದಾಗ, ಹೊತ್ತು ಮೂಡುವಾಗ ಸೋಂಕು ತಗಲಿದ ಇಲಿಗಳಲ್ಲಿ ವೈರಸ್ ಸಂಜೆಯ ಹೊತ್ತಿಗೆ ತಗಲಿದವುಗಳಿಗಿಂತ 10 ಪಟ್ಟು ಹೆಚ್ಚಿತ್ತು. ಗಡಿಯಾರದ ಜೀನ್ ಕೆಡಿಸಿದ ಇಲಿಗಳಲ್ಲಿ ಹೊತ್ತು ಯಾವುದಾದರೂ ವೈರಸ್ ಜೋರೇ. ಹಾಗಂತ ನೆಗಡಿಯಾದವರ ಬಳಿ ಸಂಜೆ ಕೂತರೆ ಪರವಾಗಿಲ್ಲ ಎನ್ನಬೇಡಿ. ಇಲಿ ರಾತ್ರಿ ಓಡಾಡುವ ಪ್ರಾಣಿ, ಅದರ ಬೆಳಗು ನಮ್ಮ ಬೆಳಗಲ್ಲ.

ಲಸಿಕೆಗೂ ಹೊತ್ತಿನ ನಂಟಿರಬಹುದು. 2016ರಲ್ಲೇ ಪ್ರಕಟವಾದ ಬರ್ಮಿಂಗ್‌ಹ್ಯಾಮ್‌ನ ಅಧ್ಯಯನವೊಂದರಲ್ಲಿ, ಬೆಳಿಗ್ಗೆ ಫ್ಲೂ ಲಸಿಕೆ ಪಡೆದ ಹಿರಿಯರಲ್ಲಿ, ಫ್ಲೂ ವೈರಸ್‌ನ ಮೂರು ತಳಿಗಳ ಪೈಕಿ ಎರಡಕ್ಕೆ ಪ್ರತಿಕಾಯ ಹೆಚ್ಚು ಬಂದಿತ್ತು. ಎಲ್ಲ ಅಧ್ಯಯನಗಳೂ ಹಾಗೇ ಹೇಳುವುದಿಲ್ಲ. ಲಸಿಕೆ ಮಧ್ಯಾಹ್ನ ಸಿಕ್ಕರೆ ಮಧ್ಯಾಹ್ನವೇ ಹಾಕಿಸಿಕೊಳ್ಳಿ. ಫ್ಲೂ ಲಸಿಕೆ ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿಲ್ಲ, ಖಾಸಗಿಯಲ್ಲಿ ದುಡ್ಡು ಕೊಡಬೇಕು.

ಗಡಿಯಾರ ಸರಿಪಡಿಸಲು ಮಾತ್ರ ಖರ್ಚಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದವರು ಬಿಸಿಲಿನಲ್ಲಿ ನಿಂತು ಹರಟೆ ಹೊಡೆಯದೆ ಮಲಗಿ. ಕಿಟಕಿಗೆ ದಪ್ಪ ಕೌದಿ ಇಳಿಬಿಡಿ, ಕೋಣೆ ಕತ್ತಲಾಗಲಿ. ನಸುಕಿನಲ್ಲಿ ಚಾ ಬೇಡ. ನಡುರಾತ್ರಿ ಹೊಟ್ಟೆ ತುಂಬ ಉಣ್ಣಬೇಡಿ, ಊಟದ ಹೊತ್ತನ್ನು ನೋಡಿ ಯಕೃತ್ತು ತನ್ನ ಗಡಿಯಾರ ತಿರುಗಿಸಿಕೊಳ್ಳುತ್ತದೆ. ಹಗಲು ಪಾಳಿ ಬಂದಾಗ ಉಲ್ಟಾ: ಎದ್ದ ಕೂಡಲೇ ಅರ್ಧ ತಾಸು ಹೊರಗಿರಿ. ಮೆಲಟೋನಿನ್, ಅಂದರೆ ನಿದ್ದೆಯ ಹಾರ್ಮೋನಿನ ಗುಳಿಗೆಯನ್ನು ಅಂಗಡಿಯಿಂದ ನೀವೇ ತಂದು ನುಂಗಬೇಡಿ.

ವಾರಗಟ್ಟಲೆ ನಿದ್ದೆ ಬಾರದಿದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಅಥವಾ ಗದಗಿನ ಜಿಮ್ಸ್‌ಗೆ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದು, ಪುಕ್ಕಟೆ. ರಾತ್ರಿ ಪಾಳಿ ಇರುವುದನ್ನು ಡಾಕ್ಟರಿಗೆ ಮರೆಯದೆ ಹೇಳಿ. ಬಿಪಿ, ಶುಗರ್ ಗುಳಿಗೆ ನುಂಗುವವರು ಆ ವಾರಗಳಲ್ಲಿ ಯಾವ ಹೊತ್ತಿಗೆ ನುಂಗಬೇಕು ಎಂಬುದನ್ನೂ ಕೇಳಿಕೊಂಡು ಬನ್ನಿ.